ರಿಪೋರ್ಟ್ ನಾರ್ಮಲ್, ಹಾಗಾದರೆ ಅಮ್ಮ ಬಿದ್ದಿದ್ದು ಯಾಕೆ?

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಮನೆ ವಿಷಯ ಮಾತಾಡೋಣ.

2025ರ ಜೂನ್ ಕೊನೆ, ಜುಲೈ ಮೊದಲ ವಾರ ನೆನಪಿದೆಯಲ್ಲ? ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬರುತ್ತಿತ್ತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಅತ್ತ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆಯಿಂದಲೇ ಕ್ಯೂ. ಎದೆನೋವಿಲ್ಲ, ಸುಸ್ತಿಲ್ಲ, ಆದರೂ ಒಂದು ಇಸಿಜಿ ಆಗಿಬಿಡಲಿ ಅಂತ ಬಂದ ಜನ. ನಾರ್ಮಲ್ ಅಂದ ಕೂಡಲೇ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಿದ್ದರು. ಆ ದೃಶ್ಯಗಳನ್ನು ಇಡೀ ದಿನ ತೋರಿಸಿದವರಲ್ಲಿ ನಾನೂ ಒಬ್ಬ.

ಆದರೆ ಅವತ್ತು ಸ್ಟುಡಿಯೋದಲ್ಲಿ ಕೂತಾಗ ನನ್ನ ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆ ಬೇರೆ. ಆ ನಾರ್ಮಲ್ ಅನ್ನೋ ಪದವನ್ನ ಎಷ್ಟು ನಂಬಬೇಕು? ಯಾಕಂದ್ರೆ ನಮ್ಮ ಮನೆಯಲ್ಲಿ ಅಷ್ಟು ಹೊತ್ತಿಗಾಗಲೇ ಐದು ಇಸಿಜಿ ನಾರ್ಮಲ್ ಬಂದು ಹೋಗಿದ್ದವು. ಐದೂ, ಅಮ್ಮ ಪ್ರಜ್ಞೆ ತಪ್ಪಿ ಬಿದ್ದ ಮೇಲೆ ತೆಗೆಸಿದ್ದು.

ಮೊದಲ ಸಲ ಬಿದ್ದಿದ್ದು ತಿಪಟೂರಿನ ನಮ್ಮ ಮನೆಯಂಗಳದಲ್ಲಿ, ಬೆಳಗ್ಗೆ ರಂಗೋಲಿ ಹಾಕುವಾಗ. ಎದ್ದವಳೇ, "ಏನಿಲ್ಲ ಬಿಡೋ, ರಾತ್ರಿ ಸರಿಯಾಗಿ ಊಟ ಮಾಡಿರ್ಲಿಲ್ಲ" ಅಂದಳು. ಎರಡನೇ ಸಲ ಅಡುಗೆಮನೆಯಲ್ಲಿ. ಹಣೆಗೆ ನಾಲ್ಕು ಹೊಲಿಗೆ. ಆಮೇಲೆ ಶುರುವಾಯ್ತು ನೋಡಿ ಸಲಹೆಗಳ ಸುರಿಮಳೆ. ಒಬ್ಬರು ಲೋ ಬಿಪಿ ಅಂದರು, ಇನ್ನೊಬ್ಬರು ಗ್ಯಾಸು. ಸೋಮವಾರದ ಉಪವಾಸ ಬಿಡಿಸಿ ಅಂದರು. ದೃಷ್ಟಿ ತೆಗೆಸಿ ಅಂದವರೂ ಇದ್ದಾರೆ. ಮೂರನೇ ಸಲ ಬಿದ್ದಾಗ ಕೈಕಾಲು ಅದುರಿತು. ಪಕ್ಕದ ಮನೆಯವರು ಓಡಿ ಬಂದು ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು. ನಾವು ಆಸ್ಪತ್ರೆಗೆ ಹೋಗಿ, "ಡಾಕ್ಟ್ರೇ, ಫಿಟ್ಸ್ ಬಂತು" ಅಂದೆವು. ಫಿಟ್ಸ್ ಮಾತ್ರೆ ಶುರುವಾಯ್ತು. ಎಂಟು ತಿಂಗಳು ನುಂಗಿದಳು. ಆ ಎಂಟು ತಿಂಗಳಲ್ಲಿ ಮತ್ತೆರಡು ಸಲ ಬಿದ್ದಳು.

ರಕ್ತ ಪರೀಕ್ಷೆ ನಾರ್ಮಲ್. ತಲೆ ಸ್ಕ್ಯಾನ್ ನಾರ್ಮಲ್. ಎಕೋ ನಾರ್ಮಲ್. ಇಸಿಜಿ ನಾರ್ಮಲ್. ಎಲ್ಲಾ ನಾರ್ಮಲ್ ಅಂದ್ರೆ ಖುಷಿಪಡಬೇಕು ಅಲ್ವಾ? ಖುಷಿ ಆಗಲ್ಲ. ಮುಂದಿನ ಸಲ ಎಲ್ಲಿ ಬೀಳ್ತಾಳೆ? ಸ್ಟವ್ ಮುಂದೆಯಾ, ಮೆಟ್ಟಿಲ ಮೇಲಾ, ರಸ್ತೆ ದಾಟುವಾಗಲಾ? ಅಪ್ಪ ಬಚ್ಚಲಮನೆ ಚಿಲಕವನ್ನೇ ಕಿತ್ತು ಹಾಕಿಸಿದರು. ಕಾಯಿಲೆ ಹೆಸರು ಗೊತ್ತಿಲ್ಲದೆ ಬದುಕೋದು ಎಷ್ಟು ಕಷ್ಟ ಅಂತ ಅಂಥ ಮನೆಯವರಿಗೇ ಗೊತ್ತು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಸುದ್ದಿವಾಹಿನಿಗೆ ಬಂದ ಮೇಲೆ ಅದು ಉಪಯೋಗಕ್ಕೆ ಬಂದಿದ್ದು ಕಡಿಮೆ. ಆದರೆ ಈ ವಿಷಯದಲ್ಲಿ ಬಂತು. ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹೆದರುತ್ತಿದ್ದ ಒಂದು ಸಮಸ್ಯೆ ಇತ್ತು. ಅದರ ಹೆಸರು ಇಂಟರ್‌ಮಿಟೆಂಟ್ ಫಾಲ್ಟ್. ಅಂದ್ರೆ ಯಾವಾಗಲೋ ಒಮ್ಮೆ ಬಂದು ಹೋಗುವ ದೋಷ. ನಿಮ್ಮ ಬೈಕ್ ಉದಾಹರಣೆ ತಗೊಳ್ಳಿ. ದಾರಿಯುದ್ದಕ್ಕೂ ಕಟಕಟ ಅಂತ ಸದ್ದು ಮಾಡುತ್ತೆ. ಮೆಕ್ಯಾನಿಕ್ ಹತ್ರ ನಿಲ್ಲಿಸಿದ ತಕ್ಷಣ ಸುಮ್ಮನಾಗುತ್ತೆ. ಅವನು ಒಂದು ರೌಂಡ್ ಓಡಿಸಿ, "ಏನೂ ಇಲ್ವಲ್ಲ ಸಾರ್" ಅಂತಾನೆ. ಅವನು ಸುಳ್ಳು ಹೇಳ್ತಿಲ್ಲ, ನೀವೂ ಸುಳ್ಳು ಹೇಳ್ತಿಲ್ಲ. ಸದ್ದು ಬಂದಾಗ ಅವನು ಇರಲಿಲ್ಲ, ಅಷ್ಟೇ.

ಹೃದಯದ ಬಡಿತದ ಸಮಸ್ಯೆಯೂ ಹೀಗೇ. ಲೆಕ್ಕ ಹಾಕೋಣ. ಮಾಮೂಲಿ ಇಸಿಜಿ ದಾಖಲಿಸೋದು ಸುಮಾರು 10 ಸೆಕೆಂಡ್. ಒಂದು ದಿನಕ್ಕೆ 86,400 ಸೆಕೆಂಡ್. ಅಂದ್ರೆ ದಿನದ 8,640 ಭಾಗಗಳಲ್ಲಿ ಒಂದು ಭಾಗ ನೋಡಿದ ಹಾಗಾಯ್ತು. ತಿಂಗಳಿಗೊಮ್ಮೆ, ಅದೂ ಕೆಲವೇ ಸೆಕೆಂಡ್ ಬಂದು ಹೋಗುವ ದೋಷ ಆ 10 ಸೆಕೆಂಡಿನಲ್ಲಿ ಸಿಗಬೇಕು ಅಂದ್ರೆ ಲಾಟರಿ ಹೊಡೆಯಬೇಕು. ಹಾಗಂತ ಇಸಿಜಿ ದಂಡ ಅಲ್ಲ. ಕೆಲವು ಕಾಯಿಲೆಗಳು ಆ 10 ಸೆಕೆಂಡಿನಲ್ಲೇ ಸಿಕ್ಕಿಬೀಳುತ್ತವೆ. ಅದಕ್ಕೇ ಎಚ್ಚರ ತಪ್ಪಿ ಬಿದ್ದ ಪ್ರತಿಯೊಬ್ಬರಿಗೂ ಇಸಿಜಿ ಮಾಡಲೇಬೇಕು. ಆದರೆ ಅದು ನಾರ್ಮಲ್ ಅಂದ್ರೆ ಅರ್ಥ ಇಷ್ಟೇ: ಆ 10 ಸೆಕೆಂಡ್ ಎಲ್ಲ ಸರಿಯಾಗಿತ್ತು.

ಇನ್ನೊಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಟಿವಿಯವರೂ ಎಲ್ಲದಕ್ಕೂ ಹೃದಯಾಘಾತ ಅಂದುಬಿಡ್ತೀವಿ. ಹಾಗಲ್ಲ. ಹೃದಯವನ್ನ ಮನೆ ಅಂದ್ಕೊಳ್ಳಿ. ಮನೆಯಲ್ಲಿ ನೀರಿನ ಪೈಪೂ ಇರುತ್ತೆ, ಕರೆಂಟ್ ವೈರೂ ಇರುತ್ತೆ. ಪೈಪ್ ಕಟ್ಟಿಕೊಂಡರೆ ಅದು ಹೃದಯಾಘಾತ. ಅದನ್ನ ನೋಡೋಕೆ ಆಂಜಿಯೋಗ್ರಾಂ. ಗೋಡೆ, ಬಾಗಿಲು ಸರಿ ಇದೆಯಾ, ಅಂದ್ರೆ ಹೃದಯದ ಸ್ನಾಯು, ಕವಾಟ ಸರಿ ಇದೆಯಾ ನೋಡೋಕೆ ಎಕೋ. ವೈರಿಂಗ್ ಕಥೆಯೇ ಬೇರೆ. ಹೃದಯದ ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಅಂತ ಪುಟ್ಟ ಜಾಗ ಇದೆ. ಅಲ್ಲಿಂದ ಹೊರಡುವ ವಿದ್ಯುತ್ ಸಂಕೇತ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹೃದಯವನ್ನ ಬಡಿಸುತ್ತೆ. ಆ ಸಂಕೇತ ಕೆಲವು ಸೆಕೆಂಡ್ ಹೊರಡದೇ ಇದ್ದರೆ, ಅಥವಾ ದಾರಿಯಲ್ಲೇ ತಡೆದರೆ ಬಡಿತ ನಿಲ್ಲುತ್ತೆ. ಅಡ್ಡಾದಿಡ್ಡಿ ವೇಗವಾಗಿ ಹೊಡೆದುಕೊಂಡರೂ ರಕ್ತ ಮುಂದೆ ಹೋಗಲ್ಲ. ಮೆದುಳಿಗೆ ರಕ್ತ ನಿಂತು ಆರೆಂಟು ಸೆಕೆಂಡ್ ಆದರೆ ಸಾಕು, ಮನುಷ್ಯ ಕುಸಿದು ಬೀಳ್ತಾನೆ. ಹೃದಯ ಮತ್ತೆ ಬಡಿಯೋಕೆ ಶುರುಮಾಡಿದರೆ ಎದ್ದು ಕೂರ್ತಾನೆ. ಆಸ್ಪತ್ರೆ ತಲುಪೋ ಹೊತ್ತಿಗೆ ಎಲ್ಲಾ ನಾರ್ಮಲ್!

2021ರ ಜೂನ್ 12, ಯುರೋ ಕಪ್ ಫುಟ್‌ಬಾಲ್ ಪಂದ್ಯ. ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದು ಬಿದ್ದಿದ್ದನ್ನ ಇಡೀ ಜಗತ್ತು ಟಿವಿಯಲ್ಲಿ ನೋಡಿತು. 29 ವರ್ಷದ ಆಟಗಾರ. ಹೃದಯ ಸ್ತಂಭನ. ಅಲ್ಲೇ ಎದೆ ಒತ್ತಿ, ವಿದ್ಯುತ್ ಶಾಕ್ ಕೊಟ್ಟು ಉಳಿಸಿಕೊಂಡರು. ಎದೆಯೊಳಗೆ ಡಿಫಿಬ್ರಿಲೇಟರ್ ಸಾಧನ ಕೂರಿಸಿಕೊಂಡು ಮರುವರ್ಷವೇ ಆಟಕ್ಕೆ ಮರಳಿದರು. ಫಿಟ್ ಆಗಿರೋ ದೇಹದಲ್ಲೂ ಬಡಿತ ತಾಳ ತಪ್ಪಬಹುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಈಗ ನಮ್ಮ ಮನೆ ಕಥೆಗೆ ವಾಪಸ್ ಬರ್ತೀನಿ. ಐದನೇ ಸಲ ಬಿದ್ದ ಮೇಲೆ ಬೇರೆ ವೈದ್ಯರೊಬ್ಬರ ಬಳಿ ಹೋದೆವು. ದಪ್ಪ ಫೈಲ್ ಮುಂದಿಟ್ಟೆ. ಅವರು ಅದನ್ನ ಪಕ್ಕಕ್ಕೆ ಸರಿಸಿ ಅಪ್ಪನನ್ನ ಕೇಳಿದರು: "ಯಜಮಾನ್ರೇ, ನೀವು ಕಣ್ಣಾರೆ ನೋಡಿದ್ರಲ್ಲ, ಏನು ನೋಡಿದ್ರಿ?" ಅಪ್ಪ, "ಫಿಟ್ಸ್ ಬಂತು ಸಾರ್" ಅಂದರು. "ಅದು ಬೇಡ. ಏನು ನೋಡಿದ್ರಿ ಹೇಳಿ" ಅಂದರು ವೈದ್ಯರು.

ಆಮೇಲೆ ಒಂದೊಂದೇ ಪ್ರಶ್ನೆ. ಬೀಳೋ ಮುಂಚೆ ಬೆವರು, ವಾಕರಿಕೆ ಇತ್ತಾ? ಇರಲಿಲ್ಲ. ಮುಖ ಬಿಳಿಚಿಕೊಂಡಿತ್ತಾ? ಸುಣ್ಣದ ಹಾಗಿತ್ತು. ಮೊದಲು ಬಿದ್ದಳಾ, ಮೊದಲು ಅದುರಿದಳಾ? ಮೊದಲು ಬಿದ್ದಳು. ಎಷ್ಟು ಹೊತ್ತು ಅದುರಿದಳು? ನಾಲ್ಕೈದು ಸಲ ಕೈ ಕಿತ್ತುಕೊಂಡ ಹಾಗೆ, ಅಷ್ಟೇ. ನಾಲಿಗೆ ಕಚ್ಚಿಕೊಂಡಿದ್ದಳಾ? ಇಲ್ಲ. ಎಚ್ಚರವಾದ ಮೇಲೆ ನಿಮ್ಮ ಗುರುತು ಹಿಡಿಯೋಕೆ ಎಷ್ಟು ಹೊತ್ತು ಬೇಕಾಯ್ತು? ಅಪ್ಪ ಹೇಳಿದರು, "ತಕ್ಷಣ ಸಾರ್. ಕಣ್ಣು ಬಿಟ್ಟವಳೇ, ಹಾಲು ಉಕ್ಕುತ್ತೆ ಸ್ಟವ್ ಆಫ್ ಮಾಡಿ ಅಂದಳು."

ವೈದ್ಯರು ವಿವರಿಸಿದರು. ಮೂರ್ಛೆರೋಗದಲ್ಲಿ ಅದುರುವಿಕೆ ಸಾಮಾನ್ಯವಾಗಿ ಹೆಚ್ಚು ಹೊತ್ತು ಇರುತ್ತೆ, ನಾಲಿಗೆಯ ಪಕ್ಕ ಕಚ್ಚಿಕೊಳ್ಳಬಹುದು, ಎದ್ದ ಮೇಲೂ ಬಹಳ ಹೊತ್ತು ಮಂಪರು, ಗೊಂದಲ ಇರುತ್ತೆ. ಮೆದುಳಿಗೆ ರಕ್ತ ನಿಂತು ಬಿದ್ದವರಿಗೂ ಕೆಲವು ಕ್ಷಣ ಕೈಕಾಲು ಅದುರಬಹುದು. ಆದರೆ ಬೇಗ ಎಚ್ಚರವಾಗುತ್ತೆ, ತಲೆ ತಿಳಿಯಾಗಿರುತ್ತೆ. ನಾವು ಎಂಟು ತಿಂಗಳ ಹಿಂದೆ ಕಂಡಿದ್ದನ್ನ ಹೇಳಲಿಲ್ಲ, ನಮ್ಮ ತೀರ್ಮಾನವನ್ನ ಹೇಳಿದ್ದೆವು. ಮಾತ್ರೆ ಬರೆದಿದ್ದು ಆ ತೀರ್ಮಾನಕ್ಕೆ. ನಾನು ವರದಿಗಾರರಿಗೆ ದಿನಾ ಹೇಳೋ ಪಾಠ ಇದೇ: ಅಭಿಪ್ರಾಯ ಬೇಡ, ಕಂಡಿದ್ದು ಹೇಳಿ. ಮನೆಯಲ್ಲಿ ನಾನೇ ಅದನ್ನ ಪಾಲಿಸಿರಲಿಲ್ಲ.

ಮೊದಲು ಹೋಲ್ಟರ್ ಅನ್ನೋ ಯಂತ್ರ ಕಟ್ಟಿದರು. 24 ಗಂಟೆ ಬಡಿತ ದಾಖಲಿಸುವ ಪುಟ್ಟ ಪೆಟ್ಟಿಗೆ. ಅಮೆರಿಕದ ನಾರ್ಮನ್ ಹೋಲ್ಟರ್ ಇದನ್ನ ಮೊದಲು ಮಾಡಿದಾಗ ಬೆನ್ನಿಗೆ ಸುಮಾರು 38 ಕೆಜಿ ಹೊರಬೇಕಿತ್ತಂತೆ. ಈಗ ಜೇಬಿನಲ್ಲಿ ಕೂರುತ್ತೆ. ಆ 24 ಗಂಟೆ ಅಮ್ಮ ಬೀಳಲಿಲ್ಲ. ಮತ್ತೆ ನಾರ್ಮಲ್! ಆಗ ವೈದ್ಯರು ಹೇಳಿದ್ದು ಲೂಪ್ ರೆಕಾರ್ಡರ್. ಎಎಎ ಬ್ಯಾಟರಿ ಸೆಲ್‌ಗಿಂತ ಚಿಕ್ಕದು. ಎದೆಯ ಚರ್ಮದ ಕೆಳಗೆ ಇಡ್ತಾರೆ. ಎರಡು ಮೂರು ವರ್ಷ ಕಾವಲು ಕಾಯುತ್ತೆ.

ಏಳನೇ ವಾರ. ರಾತ್ರಿ ಒಂಬತ್ತರ ಬುಲೆಟಿನ್. ಅಮ್ಮ ಸೋಫಾ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಕೂತಲ್ಲೇ ವಾಲಿದಳು. ಅಪ್ಪ ಈ ಸಲ ಗಾಬರಿಯಾಗಲಿಲ್ಲ. ನೆಲಕ್ಕೆ ಮಲಗಿಸಿ ಕಾಲು ಎತ್ತಿ ಹಿಡಿದರು. ರಾತ್ರಿ ಫೋನ್ ಮಾಡಿ ಹೇಳಿದರು, "ನೀನು ಕೆಆರ್‌ಎಸ್ ನೀರಿನ ಮಟ್ಟ ಓದ್ತಿದ್ದೆ ಕಣೋ, ಆಗ." ರನ್‌ಡೌನ್ ತೆಗೆದು ನೋಡಿದೆ. 9 ಗಂಟೆ 12 ನಿಮಿಷ. ಮರುದಿನ ರೆಕಾರ್ಡರ್ ತೆರೆದರೆ, ಅದೇ ನಿಮಿಷದಲ್ಲಿ ಒಂದು ಸಪಾಟು ಗೆರೆ. ಒಂಬತ್ತು ಸೆಕೆಂಡ್ ಅಮ್ಮನ ಹೃದಯ ಬಡಿದಿರಲಿಲ್ಲ.

ಉತ್ತರ ಸಿಕ್ಕಿತು. ಪೇಸ್‌ಮೇಕರ್ ಹಾಕಿದರು. ವೈದ್ಯರೇ ನಿಧಾನವಾಗಿ ಫಿಟ್ಸ್ ಮಾತ್ರೆ ಬಿಡಿಸಿದರು. ಅಮ್ಮ ಆಮೇಲೆ ಬಿದ್ದಿಲ್ಲ.

ಈ ಪೇಸ್‌ಮೇಕರ್ ಕಥೆಯಲ್ಲೂ ಒಂದು ಮನೆಯ ಹಟ ಇದೆ. ಸ್ವೀಡನ್ನಿನ ಆರ್ನೆ ಲಾರ್ಸನ್ ಅನ್ನುವವರಿಗೆ ದಿನಕ್ಕೆ ಹತ್ತಾರು ಸಲ ಪ್ರಜ್ಞೆ ತಪ್ಪುತ್ತಿತ್ತು. ಅವರ ಹೆಂಡತಿ ಎಲ್ಸೆ ಮರಿ, ಸರ್ಜನ್ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿದ್ದರು. ಮನುಷ್ಯನಿಗೆ ಕೂರಿಸೋ ಯಂತ್ರ ಇನ್ನೂ ತಯಾರಿಲ್ಲ ಅಂದರೆ, ತಯಾರು ಮಾಡಿ ಅಂತ ಹಟ ಹಿಡಿದರು. 1958ರ ಅಕ್ಟೋಬರ್ 8ರಂದು ಜಗತ್ತಿನಲ್ಲೇ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಇಟ್ಟರು. ಶೂ ಪಾಲಿಶ್ ಡಬ್ಬಿಯನ್ನ ಅಚ್ಚು ಮಾಡಿಕೊಂಡು ಎರಕ ಹೊಯ್ದ ಯಂತ್ರ! ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಇನ್ನೊಂದು ಇಟ್ಟರು. ಲಾರ್ಸನ್ ಜೀವನದಲ್ಲಿ 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು, 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸರ್ಜನ್, ಆ ಎಂಜಿನಿಯರ್ ಇಬ್ಬರೂ ತೀರಿಕೊಂಡ ಮೇಲೂ ಅವರು ಬದುಕಿದ್ದರು.

ಈಗ ನಿಮ್ಮ ಮನೆಗೆ ಬರೋಣ. ಎಲ್ಲಾ ತಲೆಸುತ್ತಿಗೂ ಹೆದರಬೇಡಿ. ಬಿಸಿಲಲ್ಲಿ ನಿಂತು, ರಕ್ತ ನೋಡಿ, ನೋವಿಗೆ, ಭಯಕ್ಕೆ ಬೀಳೋದೇ ಹೆಚ್ಚು. ಬೆವರು, ವಾಕರಿಕೆ, ಕಣ್ಣು ಮಂಜಾಗೋದು ಅದರ ಮುನ್ಸೂಚನೆ. ಅದು ಸಾಮಾನ್ಯವಾಗಿ ಅಪಾಯವಲ್ಲ. ಆದರೆ ಓಡುವಾಗ, ಆಡುವಾಗ ಬಿದ್ದರೆ, ಕೂತಲ್ಲಿ ಮಲಗಿದಲ್ಲಿ ಎಚ್ಚರ ತಪ್ಪಿದರೆ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ, ಎದೆ ಡವಡವ ಹೊಡೆದು ಆಮೇಲೆ ಬಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಇದ್ದರೆ ತಡ ಮಾಡಬೇಡಿ. ಹುಟ್ಟುಕಿವುಡು ಇರೋ ಮಗು ಎಚ್ಚರ ತಪ್ಪಿ ಬಿದ್ದರೆ ಖಂಡಿತ ಇಸಿಜಿ ಮಾಡಿಸಿ. ಸೋದರ ಸಂಬಂಧದ ಮದುವೆಗಳಿರೋ ನಮ್ಮ ಕಡೆ ಇದನ್ನ ಒತ್ತಿ ಹೇಳಬೇಕು. ಕಿವುಡುತನದ ಜೊತೆ ಬಡಿತದ ದೋಷವೂ ಬರುವ ಅಪರೂಪದ ಕಾಯಿಲೆಯೊಂದು ತಂದೆ, ತಾಯಿ ಇಬ್ಬರ ಕಡೆಯಿಂದಲೂ ಬಂದಾಗ ಮಗುವಿಗೆ ತಗಲುತ್ತೆ.

ಯಾರಾದರೂ ಬಿದ್ದಾಗ ಬಾಯಿಗೆ ನೀರು ಹಾಕಬೇಡಿ, ಕೈಗೆ ಕಬ್ಬಿಣ ಬೇಡ. ಉಸಿರಾಟ ನೋಡಿ. ಉಸಿರಿಲ್ಲ ಅಂದ್ರೆ 108ಕ್ಕೆ ಕರೆ ಮಾಡಿ, ಎದೆ ಒತ್ತೋಕೆ ಶುರುಮಾಡಿ. ಉಸಿರಿದ್ದರೆ ಮಲಗಿಸಿ, ಗಡಿಯಾರ ನೋಡಿ, ನಾಡಿ ಹಿಡಿದು ನೋಡಿ. ಇನ್ನೊಬ್ಬರಿದ್ದರೆ ಫೋನಿನಲ್ಲಿ ವಿಡಿಯೋ ಮಾಡಲಿ, ತಪ್ಪೇನಿಲ್ಲ. ಆಮೇಲೆ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಸಮಯ, ಏನು ಮಾಡುತ್ತಿದ್ದರು, ಯಾವ ಮಾತ್ರೆ ತಗೊಂಡಿದ್ದರು ಬರೆದಿಡಿ. ಕಾರಣ ಗೊತ್ತಾಗೋವರೆಗೂ ಅವರ ಕೈಗೆ ಗಾಡಿ ಕೀ ಕೊಡಬೇಡಿ. ವೈದ್ಯರನ್ನ ಧೈರ್ಯವಾಗಿ ಒಂದು ಪ್ರಶ್ನೆ ಕೇಳಿ: "ಸಾರ್, ಇವರು ಬಿದ್ದ ಕ್ಷಣದ ಬಡಿತ ನಮ್ಮ ಹತ್ರ ದಾಖಲಾಗಿದೆಯಾ? ಇಲ್ಲ ಅಂದ್ರೆ ಅದನ್ನ ಹಿಡಿಯೋದು ಹೇಗೆ?" ಬಡಿತದ ಸಮಸ್ಯೆಗೇ ಅಂತ ಎಲೆಕ್ಟ್ರೋಫಿಸಿಯಾಲಜಿ ತಜ್ಞರಿದ್ದಾರೆ. ಅವರ ಬಳಿ ಕಳಿಸಿ ಅಂತ ಕೇಳೋದು ನಿಮ್ಮ ಹಕ್ಕು.

ಅಮ್ಮ ಈಗಲೂ ಒಂಬತ್ತರ ಬುಲೆಟಿನ್ ನೋಡ್ತಾಳೆ. ಅಪ್ಪನ ನೋಟ್‌ಬುಕ್ ಟಿವಿ ಪಕ್ಕದಲ್ಲೇ ಇದೆ. ಕೊನೆಯ ಪುಟದಲ್ಲಿ ಇರೋದು ಕೆಆರ್‌ಎಸ್ ಸುದ್ದಿಯ ಆ ರಾತ್ರಿ. ಅದರ ಮುಂದಿನ ಹಾಳೆಗಳು ಖಾಲಿ. ಹಾಗೇ ಖಾಲಿ ಇರಲಿ.