ಹಸಿವನ್ನಡಗಿಸುವ ಗಿಡಗಳು

ಹಸಿವನ್ನು ಹೆಚ್ಚಿಸುವ ಶುಂಠಿ, ಮೆಣಸು, ಓಮಗಳ ಗುಣವು ಮನೆಮನೆಗೂ ತಿಳಿದುದೇ. ಹಸಿವನ್ನು ಅಡಗಿಸುವ ಗಿಡಗಳೂ ಉಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂತಹ ಮಳೆಯಭಾವದ ಸೀಮೆಯ ಜಮೀನುದಾರರು ಇವುಗಳನ್ನು ಅರಿತಿರುವುದು ಒಳ್ಳೆಯದು.

ಮೊದಲನೆಯದು ಉತ್ತರಾಣಿ. ಬದುಗಳಲ್ಲಿ ಬೆಳೆದು, ಹಾದುಹೋಗುವವರ ಪಂಚೆಗೆ ಮುಳ್ಳುಬೀಜಗಳನ್ನು ಅಂಟಿಸುವ ಈ ಗಿಡವನ್ನು ಕಳೆಯೆಂದು ಕಿತ್ತೆಸೆಯುವರು; ಗಣೇಶನ ಪತ್ರೆಗೆ ಮಾತ್ರ ಅದನ್ನೇ ಹುಡುಕಿ ತರುವರು. ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯಕ್ಕೆ ಇದರ ಬೀಜದ ಹೆಸರೇ ಬಂದಿದೆ. ಅಲ್ಲಿ ಹೇಳಿರುವ 28 ಬಗೆಯ ಗಂಜಿಗಳಲ್ಲಿ ಒಂದನ್ನು ಉತ್ತರಾಣಿಬೀಜ, ಹಾಲು ಮತ್ತು ಉಡದ ಮಾಂಸರಸಗಳಿಂದ ಮಾಡತಕ್ಕದ್ದು. ಹಸಿವನ್ನು ಕೊಲ್ಲುವುದೇ ಅದರ ಗುಣ. ಉಡವನ್ನು ಕೊಲ್ಲುವುದು ಈಗ ಅಪರಾಧವಾದುದರಿಂದ ಆ ಪಾಕವನ್ನು ಗ್ರಂಥದಲ್ಲಿಯೇ ಬಿಡುವುದು ಯುಕ್ತ.

ಎರಡನೆಯದು ಕಲ್ಲುಗುಡ್ಡಗಳ ಬಿರುಕುಗಳಲ್ಲಿಯೂ ಕುರುಚಲು ಪೊದೆಗಳ ನೆರಳಿನಲ್ಲಿಯೂ ಬೆಳೆಯುವ, ಎಲೆಯಿಲ್ಲದ, ನಾಲ್ಕು ಏಣಿನ ರಸಭರಿತ ಕಾಂಡದ ಸಸ್ಯ. ಸಸ್ಯಶಾಸ್ತ್ರಜ್ಞರು ಇದನ್ನು ಕಾರಲ್ಲುಮ ಎನ್ನುವರು. ರಾಕ್ಸ್‌ಬರ್ಗ್ ಎಂಬಾತನು 1795ರಲ್ಲಿ ಕೋರಮಂಡಲ ತೀರದ ಸಸ್ಯಗಳನ್ನು ವರ್ಣಿಸುವಾಗ ಬರೆದಿಟ್ಟ ತೆಲುಗು ಹೆಸರೇ ಇದಕ್ಕೆ ಮೂಲ. ದಕ್ಷಿಣದ ಒಣನಾಡುಗಳಲ್ಲಿ ದನಕುರಿ ಕಾಯುವವರೂ ಬೇಟೆಗಾರರೂ ಇದರ ಕಾಂಡವನ್ನು ಹಸಿಯಾಗಿಯೇ ಅಗಿದು ಹಸಿವು ಬಾಯಾರಿಕೆಗಳನ್ನು ತಡೆದುಕೊಳ್ಳುತ್ತಿದ್ದರು. ಬರಗಾಲದಲ್ಲಿಯೂ ಇದು ಬಡವರ ಪದಾರ್ಥವಾಗಿತ್ತು. ಆದರೆ ಹಸಿವು ಅಡಗಿದ ಮಾತ್ರಕ್ಕೆ ಅನ್ನದ ಕೊರತೆ ತೀರುವುದಿಲ್ಲ. 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು, 1876-78ರ ಧಾತು ಈಶ್ವರ ಕ್ಷಾಮದ ತರುವಾಯ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಈಗ ಇದೇ ಗಿಡದ ಸಾರವನ್ನು ಹೊಟ್ಟೆ ತುಂಬಿದವರು ಮೈ ಕರಗಿಸಲೆಂದು ಕೊಳ್ಳುತ್ತಿರುವರು! ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪರೀಕ್ಷೆಯೊಂದು 2007ರಲ್ಲಿ ಪ್ರಕಟವಾಯಿತು. ಸ್ಥೂಲಕಾಯದ 50 ಮಂದಿ ವಯಸ್ಕರಲ್ಲಿ ಕೆಲವರಿಗೆ ದಿನಕ್ಕೆ 1 ಗ್ರಾಂ ಸಾರವನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆಯನ್ನೂ 60 ದಿನ ಕೊಡಲಾಯಿತು. ಸಾರ ಸೇವಿಸಿದವರ ಸೊಂಟದ ಸುತ್ತಳತೆಯೂ ಹಸಿವೂ ತಗ್ಗಿದುವು. ದೇಹದ ತೂಕದಲ್ಲಿ ಮಾತ್ರ ಎರಡು ಗುಂಪುಗಳಿಗೂ ಗಣನೀಯ ಅಂತರ ಕಾಣಲಿಲ್ಲ. ವರ್ತಕರ ಜಾಹೀರಾತುಗಳನ್ನು ಓದುವಾಗ ಈ ಕಡೆಯ ಮಾತು ನೆನಪಿರಲಿ.

ಗುರುತು ತಪ್ಪಿದರೆ ಅಪಾಯವುಂಟು. ಮುರಿದಾಗ ಬಿಳಿ ಹಾಲು ಒಸರಿದರೆ ಅದು ಕಳ್ಳಿ. ಬಾಯಿ, ಕಣ್ಣುಗಳನ್ನು ಸುಡುತ್ತದೆ. ಗಿಣ್ಣುಗಿಣ್ಣಾಗಿ, ಕುಡಿಬಳ್ಳಿಗಳಿಂದ ಪೊದೆಯ ಮೇಲೆ ಹಬ್ಬಿದ್ದರೆ ಮಂಗರಬಳ್ಳಿ. ಹಸಿಯಾಗಿ ತಿಂದರೆ ಬಾಯಿ ತುರಿಸುತ್ತದೆ. ಕಾರಲ್ಲುಮದ ರಸವು ನೀರಿನಂತೆ ತಿಳಿ. ಇದನ್ನು ಗರ್ಭಿಣಿಯರಿಗೆ, ಮಕ್ಕಳಿಗೆ ಕೊಡಬಾರದು. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೂಲಿಯಾಳುಗಳ ಊಟಕ್ಕೆ ಇದು ಬದಲಾಗದು.

ಗುಡ್ಡದ ಗಿಡವನ್ನು ಬೇರುಸಹಿತ ಕಿತ್ತು ಮೂಟೆ ಕಟ್ಟುವವರು ಬಂದರೆ ಊರ ಮುಖಂಡರು ಸುಮ್ಮನಿರತಕ್ಕದ್ದಲ್ಲ. ವ್ಯಾಪಾರಕ್ಕಾಗಿ ಇಂತಹ ಸಸ್ಯಗಳನ್ನು ಸಂಗ್ರಹಿಸುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವನ್ನು 2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಕೊಟ್ಟಿದೆ. ಬೆಳೆಸಲು ಇಚ್ಛೆಯುಳ್ಳವರು ಬುಡವನ್ನು ಬಿಟ್ಟು ಕಾಂಡದ ತುಂಡುಗಳನ್ನು ಕೊಯ್ದು, ಗಾಯವು ಒಣಗುವಂತೆ ಕೆಲವು ದಿವಸ ನೆರಳಿನಲ್ಲಿಟ್ಟು, ನೀರು ನಿಲ್ಲದ ಗರಸು ನೆಲದಲ್ಲಿ ನೆಡಬಹುದು. ನೀರು ಹೆಚ್ಚಾದರೆ ಬುಡ ಕೊಳೆಯುವುದು.