ಮೇಲ್ಛಾವಣಿ ಸೌರ ಸ್ಥಾವರಗಳಲ್ಲಿ ಅತಿಪ್ರವಾಹ ರಕ್ಷಣಾ ಸಾಧನಗಳ ಎಟುಕುವಿಕೆ

ಅತಿಪ್ರವಾಹ ರಕ್ಷಣಾ ಸಾಧನಗಳ ಎಟುಕುವಿಕೆ ಎಂಬುದು ವಿದ್ಯುತ್ ಸ್ಥಾವರವೊಂದರ ಫ್ಯೂಸ್ ಹಾಗೂ ಸರ್ಕ್ಯೂಟ್ ಬ್ರೇಕರ್‌ಗಳನ್ನು ಚಾಲನೆ, ಬದಲಾವಣೆ ಅಥವಾ ಪರಿಶೀಲನೆಗಾಗಿ ಎಷ್ಟು ಬೇಗ ಮತ್ತು ಎಷ್ಟು ಸುರಕ್ಷಿತವಾಗಿ ತಲುಪಬಹುದು ಎಂಬುದನ್ನು ಸೂಚಿಸುವ ಪರಿಕಲ್ಪನೆಯಾಗಿದೆ. ಮನೆಯ ಸಾಮಾನ್ಯ ವೈರಿಂಗ್‌ನಲ್ಲಿ ಈ ಪ್ರಶ್ನೆ ಸರಳವಾದುದು. ಮೀಟರ್ ಬೋರ್ಡಿನ ಪಕ್ಕದಲ್ಲಿ ಮುಖ್ಯ ಸ್ವಿಚ್ ಇರುತ್ತದೆ, ಅದನ್ನು ಇಳಿಸಿದರೆ ಮುಂದಿನ ತಂತಿಗಳೆಲ್ಲ ನಿರ್ಜೀವವಾಗುತ್ತವೆ. ಮೇಲ್ಛಾವಣಿ ಸೌರ ಸ್ಥಾವರದಲ್ಲಿ ವಿದ್ಯುತ್ತಿನ ಮೂಲವೇ ತಾರಸಿಯ ಮೇಲಿರುತ್ತದೆ ಮತ್ತು ಬಿಸಿಲಿರುವವರೆಗೆ ಅದನ್ನು ಆರಿಸಲು ಸಾಧ್ಯವಿಲ್ಲ. ರಕ್ಷಣಾ ಸಾಧನವು ಮೂಲದ ಹತ್ತಿರ ಇರಬೇಕೆಂಬ ತಾಂತ್ರಿಕ ಅಗತ್ಯವೂ, ಅದು ನೆಲದ ಮೇಲೆ ನಿಂತ ಮನುಷ್ಯನ ಕೈಗೆ ಸಿಗಬೇಕೆಂಬ ಸುರಕ್ಷತೆಯ ಅಗತ್ಯವೂ ಇಲ್ಲಿ ಒಂದಕ್ಕೊಂದು ಎದುರಾಗುತ್ತವೆ.

ವ್ಯಾಖ್ಯಾನ

ಈ ಪರಿಕಲ್ಪನೆಯನ್ನು ಹೆಚ್ಚು ಸ್ಪಷ್ಟವಾಗಿ ವ್ಯಾಖ್ಯಾನಿಸಿರುವ ದಾಖಲೆಗಳಲ್ಲಿ ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮುಖ್ಯವಾದುದು. ಮೂರು ವರ್ಷಗಳಿಗೊಮ್ಮೆ ಪರಿಷ್ಕರಣೆಗೊಳ್ಳುವ ಈ ಸಂಹಿತೆಯು ‘ಎಟುಕುವ’ ಮತ್ತು ‘ಸುಲಭವಾಗಿ ಎಟುಕುವ’ ಎಂಬ ಎರಡು ಮಟ್ಟಗಳನ್ನು ಗುರುತಿಸುತ್ತದೆ. ಬೀಗದ ಕೈಯನ್ನು ಹೊರತುಪಡಿಸಿ ಬೇರೆ ಉಪಕರಣ ಬಳಸದೆ, ಏನನ್ನೂ ಹತ್ತಿಳಿಯದೆ, ಅಡ್ಡವಿರುವ ವಸ್ತುಗಳನ್ನು ಸರಿಸದೆ, ಏಣಿ ತಂದು ಹಾಕದೆ ಬೇಗನೆ ತಲುಪಬಹುದಾದ ಸಾಧನ ಮಾತ್ರ ಎರಡನೆಯ ಮಟ್ಟಕ್ಕೆ ಸೇರುತ್ತದೆ. ಸಂಹಿತೆಯ 240.24ನೇ ವಿಧಿಯು ಸಾಮಾನ್ಯ ನಿಯಮವಾಗಿ ಸರ್ಕ್ಯೂಟ್ ಬ್ರೇಕರ್‌ಗಳು ಈ ಮಟ್ಟದಲ್ಲಿರಬೇಕೆಂದೂ, ಅತಿ ಎತ್ತರದ ಸ್ಥಿತಿಯಲ್ಲಿರುವಾಗ ಹಿಡಿಕೆಯ ಮಧ್ಯಭಾಗವು ನೆಲದಿಂದ 2 ಮೀಟರಿಗಿಂತ ಮೇಲಿರಬಾರದೆಂದೂ ವಿಧಿಸುತ್ತದೆ.

ಸೌರ ಸ್ಥಾವರಗಳಿಗೆ ಇದೇ ಸಂಹಿತೆ ಸಡಿಲಿಕೆ ನೀಡಿತ್ತು. ಫಲಕಗಳಿಂದ ಬರುವ ಮಂಡಲಗಳಲ್ಲಿನ ಅತಿಪ್ರವಾಹ ಸಾಧನಗಳು ಎಟುಕುವಂತಿದ್ದರೆ ಸಾಕು, ಸುಲಭವಾಗಿ ಎಟುಕಬೇಕಾಗಿಲ್ಲ ಎಂದು 2008ರ ಆವೃತ್ತಿಯ 690ನೇ ವಿಧಿ ಹೇಳಿತ್ತು. ಅಂದರೆ ಏಣಿ ಹಾಕಿ ಹತ್ತಬೇಕಾದ ಇಳಿಜಾರು ಛಾವಣಿಯ ಮೇಲೆ ಫ್ಯೂಸ್ ಪೆಟ್ಟಿಗೆಯನ್ನು ಇಡಬಹುದಾಗಿತ್ತು. ಈ ಸಡಿಲಿಕೆಯ ಹಿಂದಿನ ಕಾರಣವನ್ನು ತಿಳಿಯಲು ಸೌರ ಮಂಡಲದಲ್ಲಿ ಫ್ಯೂಸ್ ಮಾಡುವ ಕೆಲಸವನ್ನು ಗಮನಿಸಬೇಕು.

ಸೌರ ಮಂಡಲದಲ್ಲಿ ಫ್ಯೂಸಿನ ಪಾತ್ರ

ವಿದ್ಯುತ್ ಜಾಲಕ್ಕೆ ಜೋಡಿಸಿದ ಮಂಡಲದಲ್ಲಿ ಶಾರ್ಟ್ ಸರ್ಕ್ಯೂಟ್ ಆದಾಗ ಪ್ರವಾಹವು ಸಾಮಾನ್ಯ ಮಟ್ಟಕ್ಕಿಂತ ಹತ್ತಾರು ಪಟ್ಟು ಏರುವುದರಿಂದ ಫ್ಯೂಸ್ ಕ್ಷಣದಲ್ಲಿ ಕರಗುತ್ತದೆ. ಸೌರಫಲಕದ ಸ್ವಭಾವ ಬೇರೆ. ಸುಮಾರು 550 ವ್ಯಾಟ್ ಸಾಮರ್ಥ್ಯದ ಫಲಕವು ಪೂರ್ಣ ಬಿಸಿಲಿನಲ್ಲಿ 13 ಆಂಪಿಯರ್ ನೀಡುತ್ತಿದ್ದರೆ, ಅದರ ತುದಿಗಳನ್ನು ನೇರವಾಗಿ ಕೂಡಿಸಿದರೂ ಹರಿಯುವುದು ಸುಮಾರು 14 ಆಂಪಿಯರ್ ಮಾತ್ರ. ಇಷ್ಟು ಅಲ್ಪ ವ್ಯತ್ಯಾಸವನ್ನು ಯಾವ ಫ್ಯೂಸೂ ದೋಷವೆಂದು ಗುರುತಿಸಲಾರದು. ಆದ್ದರಿಂದ ಸರಣಿಯಲ್ಲಿ ಜೋಡಿಸಿದ ಫಲಕಗಳ ಒಂದೇ ಸಾಲು, ಅಂದರೆ ಸ್ಟ್ರಿಂಗ್, ಇರುವ ಸಣ್ಣ ಸ್ಥಾವರದಲ್ಲಿ ಫ್ಯೂಸ್ ತನ್ನ ಫಲಕಗಳ ಪ್ರವಾಹದಿಂದ ಕರಗುವುದೇ ಇಲ್ಲ.

ಹಲವು ಸ್ಟ್ರಿಂಗ್‌ಗಳನ್ನು ಸಮಾಂತರವಾಗಿ ಜೋಡಿಸಿದಾಗ ಪರಿಸ್ಥಿತಿ ಬದಲಾಗುತ್ತದೆ. ಒಂದು ಸ್ಟ್ರಿಂಗ್‌ನಲ್ಲಿ ದೋಷ ಉಂಟಾದರೆ ಉಳಿದವುಗಳ ಪ್ರವಾಹ ಅದರೊಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮೂರು ಸ್ಟ್ರಿಂಗ್‌ಗಳಿದ್ದರೆ ಹಿಮ್ಮುಖ ಪ್ರವಾಹ 28 ಆಂಪಿಯರ್ ಆಗಬಹುದು. ಫಲಕದ ತಯಾರಕರು ಗರಿಷ್ಠ ಫ್ಯೂಸ್ ಮಿತಿಯನ್ನು 25 ಆಂಪಿಯರ್ ಎಂದು ನಮೂದಿಸಿದ್ದರೆ ಪ್ರತಿ ಸ್ಟ್ರಿಂಗ್‌ಗೂ ಫ್ಯೂಸ್ ಕಡ್ಡಾಯವಾಗುತ್ತದೆ. ಎರಡೇ ಸ್ಟ್ರಿಂಗ್‌ಗಳಿದ್ದರೆ ಹಿಮ್ಮುಖ ಪ್ರವಾಹ 14 ಆಂಪಿಯರ್‌ಗೆ ಸೀಮಿತವಾಗುವುದರಿಂದ ಅಗತ್ಯವಿಲ್ಲ. ಈ ಫ್ಯೂಸ್ ಸ್ಟ್ರಿಂಗ್‌ಗಳು ಕೂಡುವ ಸ್ಥಳದಲ್ಲೇ ಇರಬೇಕು. ದೊಡ್ಡ ಸ್ಥಾವರಗಳಲ್ಲಿ ಸ್ಟ್ರಿಂಗ್‌ಗಳು ಫಲಕಗಳ ಬಳಿಯಲ್ಲೇ ಕೂಡುತ್ತವೆ. ಹೀಗಾಗಿ ಪೆಟ್ಟಿಗೆ ಮಾಳಿಗೆಯ ಮೇಲೆಯೇ ಉಳಿಯುತ್ತದೆ.

ಎಟುಕುವ ಫ್ಯೂಸಿನ ಅಪಾಯ

ಫ್ಯೂಸ್ ಕೈಗೆ ಸಿಕ್ಕರೆ ಸಾಲದು, ಅದನ್ನು ಮುಟ್ಟುವ ಮೊದಲು ಪ್ರವಾಹವನ್ನು ನಿಲ್ಲಿಸುವ ಸ್ವಿಚ್ಚೂ ಕೈಗೆ ಸಿಗಬೇಕು. ಸೌರ ಸ್ಥಾವರಗಳ ಫ್ಯೂಸ್ ಹೋಲ್ಡರ್‌ಗಳು ಸಾಮಾನ್ಯವಾಗಿ ಹೊರೆಯಿರುವಾಗ ತೆರೆಯಲು ತಯಾರಾದವುಗಳಲ್ಲ. 50 ಹರ್ಟ್ಸ್ ಪರ್ಯಾಯ ವಿದ್ಯುತ್ ಸೆಕೆಂಡಿಗೆ 100 ಬಾರಿ ಸೊನ್ನೆಯನ್ನು ದಾಟುವುದರಿಂದ ಸಂಪರ್ಕ ಕಡಿದಾಗ ಉಂಟಾಗುವ ಕಿಡಿ ತಾನಾಗಿ ನಂದುತ್ತದೆ. ಫಲಕಗಳು ನೀಡುವ ಏಕಮುಖ ವಿದ್ಯುತ್ತಿನಲ್ಲಿ ಅಂತಹ ಬಿಡುವು ಇಲ್ಲ. ಹತ್ತು ಫಲಕಗಳ ಸ್ಟ್ರಿಂಗ್ 500 ವೋಲ್ಟ್‌ನಷ್ಟಿರಬಹುದು. ಉರಿಬಿಸಿಲಿನಲ್ಲಿ ಅದರ ಹೋಲ್ಡರನ್ನು ಎಳೆದರೆ ಎರಡು ಲೋಹಗಳ ನಡುವೆ ಆರ್ಕ್, ಅಂದರೆ ಗಾಳಿಯಲ್ಲಿ ಸೇತುವೆಯಂತೆ ಉರಿಯುವ ವಿದ್ಯುತ್ ಕಿಡಿ, ಹೊತ್ತಿಕೊಂಡು ಹೋಲ್ಡರನ್ನೂ ಕೈಯನ್ನೂ ಸುಡಬಲ್ಲದು. ಏಕಮುಖ ವಿದ್ಯುತ್ತಿನ ಕೆಲವು ಎಂಸಿಬಿಗಳು ಧ್ರುವಸೂಕ್ಷ್ಮವಾಗಿದ್ದು, ಧನ ಮತ್ತು ಋಣ ತುದಿಗಳನ್ನು ಅದಲುಬದಲಾಗಿ ಜೋಡಿಸಿದಲ್ಲಿ ಆರ್ಕ್ ನಂದಿಸಲಾಗದೆ ತಾವೇ ಉರಿಯುತ್ತವೆ.

ಈ ಕಾರಣದಿಂದ ಅಮೆರಿಕದ ಸಂಹಿತೆಯ 2011ರ ಆವೃತ್ತಿಯು ಫ್ಯೂಸ್ ಇರುವ ಸ್ಥಳದಿಂದ ಕಾಣುವಂತೆ ಮತ್ತು ಅಲ್ಲಿಂದ ಎಟುಕುವಂತೆ, ಇಲ್ಲವೇ ಹೋಲ್ಡರಿನೊಂದಿಗೇ ಸೇರಿದಂತೆ, ಸಂಪರ್ಕ ಕಡಿಯುವ ಸಾಧನವಿರಬೇಕೆಂದಿತು. ಅನಂತರದ ಆವೃತ್ತಿಗಳು ಇನ್ನೊಂದು ಮಗ್ಗುಲನ್ನೂ ನೋಡಿದವು: ಸಂಪರ್ಕ ಕಡಿಯುವ ಸಾಧನವು 30 ವೋಲ್ಟ್ ಮೀರಿದ್ದು ಅನರ್ಹರ ಕೈಗೂ ಸಿಗುವಂತಿದ್ದರೆ, ಸಜೀವ ಭಾಗಗಳನ್ನು ತೆರೆದಿಡುವ ಅದರ ಬಾಗಿಲಿಗೆ ಬೀಗವಿರಬೇಕು ಅಥವಾ ಅದು ಉಪಕರಣವಿಲ್ಲದೆ ತೆರೆಯದಂತಿರಬೇಕು. ಹಿಡಿಕೆ ಎಲ್ಲರಿಗೂ, ಒಳಭಾಗ ಬಲ್ಲವರಿಗೆ ಮಾತ್ರ.

ಅಗ್ನಿಶಾಮಕರು ಮತ್ತು ತ್ವರಿತ ಸ್ಥಗಿತ

2013ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಡೆಲಾಂಕೊದಲ್ಲಿ 7,000ಕ್ಕೂ ಹೆಚ್ಚು ಸೌರಫಲಕಗಳಿದ್ದ ಗೋದಾಮೊಂದಕ್ಕೆ ಬೆಂಕಿ ಬಿದ್ದಿತು. ವಿದ್ಯುದಾಘಾತದ ಭಯದಿಂದ ಅಗ್ನಿಶಾಮಕ ಸಿಬ್ಬಂದಿಯನ್ನು ಛಾವಣಿಗೆ ಹತ್ತಿಸಲು ಅಧಿಕಾರಿಗಳು ಹಿಂಜರಿದರು. ಕಟ್ಟಡ ಸಂಪೂರ್ಣ ನಾಶವಾಯಿತು. ಇಂತಹ ಸಂದರ್ಭದಲ್ಲಿ ಛಾವಣಿಯ ಮೇಲಿನ ಬ್ರೇಕರ್ ಇದ್ದೂ ಇಲ್ಲದಂತೆ. ಅದನ್ನು ಇಳಿಸಿದರೂ ಫಲಕದಿಂದ ಬ್ರೇಕರ್‌ವರೆಗಿನ ತಂತಿ ಸಜೀವವಾಗಿಯೇ ಇರುತ್ತದೆ.

ಸಂಹಿತೆಯ 2014ರ ಆವೃತ್ತಿಯಲ್ಲಿ ಬಂದ ತ್ವರಿತ ಸ್ಥಗಿತದ ನಿಯಮವು ಸಮಸ್ಯೆಯನ್ನು ಬೇರೆ ದಾರಿಯಿಂದ ಬಿಡಿಸಿತು. ಸಾಧನವನ್ನು ಕೆಳಗಿಳಿಸುವ ಬದಲು ಅದರ ಆದೇಶವನ್ನು ಮಾತ್ರ ಕೆಳಗಿನಿಂದ ಕೊಡುವುದು ಇದರ ತತ್ವ. 2017ರ ಆವೃತ್ತಿಯಂತೆ, ನೆಲಮಟ್ಟದ ಸ್ವಿಚ್ ಒತ್ತಿದ 30 ಸೆಕೆಂಡುಗಳೊಳಗೆ ಫಲಕಗಳ ಸಮೂಹದಿಂದ ಒಂದು ಅಡಿಗಿಂತ ಹೊರಗಿನ ತಂತಿಗಳಲ್ಲಿ ವೋಲ್ಟೇಜ್ 30ಕ್ಕೆ ಇಳಿಯಬೇಕು. ಸಮೂಹದ ಒಳಗೆ 80 ವೋಲ್ಟ್ ಮಿತಿಯು ಅನುಮತಿಸಲಾದ ವಿಧಾನಗಳಲ್ಲೊಂದು. ಪ್ರತಿ ಫಲಕದ ಅಡಿಯಲ್ಲೇ ಮೈಕ್ರೋ ಇನ್ವರ್ಟರ್ ಇರುವ ಸ್ಥಾವರಗಳಲ್ಲಿ ಇದು ಸಹಜವಾಗಿಯೇ ಸಾಧ್ಯ.

ಆಸ್ಟ್ರೇಲಿಯದ ಅನುಭವ

ಎಟುಕುವಿಕೆಗಾಗಿ ಸೇರಿಸಿದ ಸಾಧನವೇ ಬೆಂಕಿಗೆ ಕಾರಣವಾದ ನಿದರ್ಶನ ಆಸ್ಟ್ರೇಲಿಯದ್ದು. ಅಲ್ಲಿನ ಎಎಸ್/ಎನ್‌ಜೆಡ್‌ಎಸ್ 5033 ಮಾನಕದ 2012ರ ಆವೃತ್ತಿಯು ಫಲಕಗಳ ಪಕ್ಕದಲ್ಲೇ ಏಕಮುಖ ವಿದ್ಯುತ್ತಿನ ಐಸೊಲೇಟರ್ ಸ್ವಿಚ್ ಇರಬೇಕೆಂದು ವಿಧಿಸಿತ್ತು. ಬಿಸಿಲು ಮಳೆಗೆ ಒಡ್ಡಿಕೊಂಡ ಪೆಟ್ಟಿಗೆಗಳೊಳಗೆ ನೀರು ಸೇರಿ, ಸಂಪರ್ಕಗಳು ತುಕ್ಕು ಹಿಡಿದು ಕಾದು, ಛಾವಣಿಯ ಬೆಂಕಿಗಳಲ್ಲಿ ಈ ಐಸೊಲೇಟರ್‌ಗಳ ಹೆಸರೇ ಮತ್ತೆಮತ್ತೆ ಕೇಳಿಬಂತು. 2021ರ ಆವೃತ್ತಿ ಈ ಕಡ್ಡಾಯವನ್ನು ಕೈಬಿಟ್ಟು, ಪ್ಲಗ್ ಮಾದರಿಯ ಸಂಪರ್ಕವನ್ನು ಬಿಡಿಸುವ ವ್ಯವಸ್ಥೆಗೆ ಅವಕಾಶ ನೀಡಿತು.

ಭಾರತದಲ್ಲಿ

ಕೇಂದ್ರ ವಿದ್ಯುತ್ ಪ್ರಾಧಿಕಾರವು ವಿಕೇಂದ್ರಿತ ಉತ್ಪಾದನಾ ಮೂಲಗಳ ಜೋಡಣೆಗಾಗಿ 2013ರಲ್ಲಿ ಹೊರಡಿಸಿದ ನಿಯಮಗಳು ಸ್ಥಾವರ ಹಾಗೂ ಜಾಲದ ನಡುವೆ ಕೈಯಿಂದ ನಡೆಸುವ ಐಸೊಲೇಟಿಂಗ್ ಸ್ವಿಚ್ ಇರಬೇಕೆನ್ನುತ್ತವೆ. ವಿತರಣಾ ಕಂಪನಿಯ ಸಿಬ್ಬಂದಿ ಗ್ರಾಹಕರ ಅನುಮತಿ ಕೇಳದೆ ದಿನದ 24 ಗಂಟೆಯೂ ಅದನ್ನು ಬೇಗನೆ ತಲುಪುವಂತಿರಬೇಕು, ತೆರೆದ ಸ್ಥಿತಿಯಲ್ಲಿ ಬೀಗ ಹಾಕುವಂತಿರಬೇಕು, ಮತ್ತು ನೆಲದಿಂದ ಕನಿಷ್ಠ 2.44 ಮೀಟರ್ ಎತ್ತರದಲ್ಲಿರಬೇಕು. ಅಮೆರಿಕದ ಗರಿಷ್ಠ 2 ಮೀಟರಿನ ಪಕ್ಕದಲ್ಲಿಟ್ಟು ಓದಿದರೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಇಲ್ಲಿ ಉದ್ದೇಶಿಸಿರುವುದು ಮನೆಯವರ ಕೈಯಲ್ಲ, ಲೈನ್‌ಮನ್‌ನ ಕೈ. ಕಂಬದ ಮೇಲೆ ಕೆಲಸ ಮಾಡುವಾಗ ಮನೆಯ ಕಡೆಯಿಂದ ವಿದ್ಯುತ್ ಬಾರದೆಂಬ ಖಾತರಿ ಅವನಿಗೆ ಬೇಕು. ಈ ಸ್ವಿಚ್‌ಗೆ ಅತಿಪ್ರವಾಹ ರಕ್ಷಣೆಯ ಗುಣ ಇರಬೇಕಾಗಿಲ್ಲವೆಂದು ಅದೇ ನಿಯಮ ಹೇಳುವುದರಿಂದ ಇದನ್ನು ಎಂಸಿಬಿಯೆಂದು ಭಾವಿಸುವುದು ತಪ್ಪು.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಹೊಂದಿದ್ದು, 3 ಕಿಲೋವ್ಯಾಟ್ ಮತ್ತು ಹೆಚ್ಚಿನ ಸ್ಥಾವರಗಳಿಗೆ 78,000 ರೂಪಾಯಿ ಸಹಾಯಧನ ನೀಡುತ್ತದೆ. 3 ಕಿಲೋವ್ಯಾಟ್ ಎಂದರೆ ಆರೇಳು ಫಲಕಗಳ ಒಂದೇ ಸ್ಟ್ರಿಂಗ್. ಮೇಲೆ ಹೇಳಿದ ಲೆಕ್ಕದಂತೆ ಅಲ್ಲಿ ಸ್ಟ್ರಿಂಗ್ ಫ್ಯೂಸ್ ಬೇಕಿಲ್ಲದಿದ್ದರೂ, ಡಿಸಿಡಿಬಿ ಎಂದು ಕರೆಯುವ ಪೆಟ್ಟಿಗೆಯಲ್ಲಿ ಅದನ್ನು ಹಾಕುವ ರೂಢಿಯಿದೆ. ಬೇಡದ ಫ್ಯೂಸ್ ಎಂದರೆ ಕಾಯಬಹುದಾದ ಎರಡು ಹೆಚ್ಚುವರಿ ಸಂಪರ್ಕಗಳು ಮತ್ತು ಹೊರೆಯಿರುವಾಗ ಯಾರಾದರೂ ಎಳೆಯಬಹುದಾದ ಒಂದು ಹೋಲ್ಡರ್.

ಬಾಡಿಗೆ ಮನೆಗಳಲ್ಲಿ ಹಾಗೂ ವಸತಿ ಸಮುಚ್ಚಯಗಳಲ್ಲಿ ಇನ್ವರ್ಟರ್ ಮತ್ತು ಬ್ರೇಕರ್‌ಗಳು ತಾರಸಿಯ ಮೆಟ್ಟಿಲ ಕೋಣೆಯಲ್ಲಿದ್ದು, ಅದರ ಬೀಗದ ಕೈ ಮಾಲೀಕರ ಬಳಿ ಇರುವುದುಂಟು. ಬೀಗವಿದ್ದರೂ ಸಾಧನ ಸುಲಭವಾಗಿ ಎಟುಕುತ್ತದೆ ಎಂಬ ವ್ಯಾಖ್ಯಾನ ಕೈ ಹತ್ತಿರವಿದ್ದಾಗ ಮಾತ್ರ ಅರ್ಥಪೂರ್ಣ. ಇನ್ವರ್ಟರನ್ನು ನೆಲಮಹಡಿಯ ಮೀಟರ್ ಬೋರ್ಡಿನ ಬಳಿ ಅಳವಡಿಸಿದರೆ ಈ ತೊಂದರೆ ತಪ್ಪುತ್ತದೆ; ಆದರೆ ಆಗ ಏಕಮುಖ ವಿದ್ಯುತ್ತಿನ ಕೇಬಲ್ ಕಟ್ಟಡದ ಎತ್ತರದುದ್ದಕ್ಕೂ ಇಳಿದು ಬರುತ್ತದೆ, ಮತ್ತು ಕೆಳಗಿನ ಸ್ವಿಚ್ ಇಳಿಸಿದ ಮೇಲೂ, ಜಾಲದಲ್ಲಿ ವಿದ್ಯುತ್ ಹೋದ ಮೇಲೂ, ಸೂರ್ಯಾಸ್ತದವರೆಗೆ ಸಜೀವವಾಗಿರುತ್ತದೆ.