ಮುಖವಾಡದ ವೀರರು ಶಾಲೆಯ ರಂಗಕ್ಕೆ ಬಂದಾಗ

ಅಮೆರಿಕದ ಚಿತ್ರಕಥೆಗಳ ಸೂಪರ್‌ಹೀರೋಗಳಿಗೂ ನಾಟಕದ ನಟರಿಗೂ ಹತ್ತಿರದ ನಂಟಿದೆ. ಇಬ್ಬರೂ ಬಣ್ಣಬಣ್ಣದ ಉಡುಪು ತೊಡುತ್ತಾರೆ. ಇಬ್ಬರಿಗೂ ಎರಡೆರಡು ಹೆಸರು. ಆದರೆ ನಟ ವೇಷ ಹಾಕಿದ್ದಾನೆಂಬುದು ನೋಡುವವರಿಗೆಲ್ಲ ಗೊತ್ತು. ಸೂಪರ್‌ಹೀರೋ ಯಾರೆಂಬುದು ಮಾತ್ರ ಯಾರಿಗೂ ತಿಳಿಯಬಾರದು. ಹದಿಹರೆಯದ ಸೂಪರ್‌ಹೀರೋ ರಂಗವೇರಿದಾಗ ಹುಟ್ಟುವ ಸ್ವಾರಸ್ಯಕ್ಕೆ ಈ ವ್ಯತ್ಯಾಸವೇ ಮೂಲ.

1938ರಲ್ಲಿ ಸೂಪರ್‌ಮ್ಯಾನ್ ಹುಟ್ಟಿದ ಮೇಲೆ ಬಂದ ವೀರರಲ್ಲಿ ಹೆಚ್ಚಿನವರು ವಯಸ್ಕರು. 1940ರಲ್ಲಿ ಬಂದ ರಾಬಿನ್‌ನಂಥ ಹುಡುಗರು ಬಹುಮಟ್ಟಿಗೆ ದೊಡ್ಡವರ ಸಹಾಯಕರು. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಸ್ಪೈಡರ್‌ಮ್ಯಾನ್ ಹಾಗಲ್ಲ. ಪೀಟರ್ ಪಾರ್ಕರ್ ಎಂಬ ಆ ನಾಚಿಕೆ ಸ್ವಭಾವದ ಹೈಸ್ಕೂಲ್ ವಿದ್ಯಾರ್ಥಿ ತಾನೇ ಕಥಾನಾಯಕ.

ಶಕ್ತಿ ಕೈಗೂಡಿದೊಡನೆ ಪೀಟರ್ ಲೋಕ ಕಾಯಲು ಹೊರಡಲಿಲ್ಲ, ಪ್ರದರ್ಶನಕ್ಕೆ ಹೊರಟ. ಬಹುಮಾನದ ಆಸೆಗೆ ಕುಸ್ತಿ ಕಣಕ್ಕಿಳಿದಾಗ ಅವನು ಮೊದಲ ಸಲ ಮುಖ ಮುಚ್ಚಿಕೊಂಡದ್ದು ಶತ್ರುಗಳಿಗೆ ಹೆದರಿಯಲ್ಲ, ಸೋತರೆ ಜನ ನಕ್ಕಾರೆಂಬ ಅಳುಕಿನಿಂದ. ಗೆದ್ದ ಮೇಲೆ ಟೆಲಿವಿಷನ್ ತಾರೆಯೂ ಆದ. ಆ ಅಮಲಿನಲ್ಲಿ, ಕಣ್ಣೆದುರೇ ಓಡುತ್ತಿದ್ದ ಕಳ್ಳನನ್ನು ತಡೆಯದೆ ಬಿಟ್ಟ. ಮುಂದೆ ಅದೇ ಕಳ್ಳ ಅವನನ್ನು ಸಾಕಿದ ಚಿಕ್ಕಪ್ಪನನ್ನು ಕೊಂದ. ಚಪ್ಪಾಳೆಯ ಬೆಲೆ ಏನೆಂಬ ಪ್ರಶ್ನೆ ಹೀಗೆ ಮೊದಲ ಕಥೆಯಲ್ಲೇ ಎದ್ದಿತು.

ಇದೇ ವೀರ 2011ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದ. ‘ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್’ ಎಂಬ ಆ ಸಂಗೀತ ನಾಟಕಕ್ಕೆ ತಗುಲಿದ ವೆಚ್ಚ ಸುಮಾರು 7.5 ಕೋಟಿ ಡಾಲರ್. ನಟರನ್ನು ಹಗ್ಗ ಕಟ್ಟಿ ಪ್ರೇಕ್ಷಕರ ತಲೆಯ ಮೇಲೆಯೇ ಹಾರಿಸಲಾಯಿತು. ತಾಲೀಮು, ಪ್ರದರ್ಶನಗಳಲ್ಲಿ ಹಲವರು ಗಾಯಗೊಂಡರು. ಹಾಕಿದ ಹಣ ಹಿಂದಿರುಗದೆ 2014ರ ಜನವರಿಯಲ್ಲಿ ನಾಟಕ ನಿಂತಿತು.

ಇದಕ್ಕೆ ತೀರ ವಿರುದ್ಧವಾದ ದಾರಿ ತೆರೆದದ್ದು 2019ರಲ್ಲಿ. ಮಾರ್ವೆಲ್ ಸಂಸ್ಥೆಯು ನಾಟಕ ಪ್ರಕಾಶನದ ಹಳೆಯ ಹೆಸರಾದ ಸ್ಯಾಮ್ಯುಯಲ್ ಫ್ರೆಂಚ್ ಜೊತೆ ಸೇರಿ, ‘ಮಾರ್ವೆಲ್ ಸ್ಪಾಟ್‌ಲೈಟ್’ ಎಂಬ ಹೆಸರಿನಲ್ಲಿ ಹದಿಹರೆಯದವರು ಆಡಬಹುದಾದ ಮೂರು ಏಕಾಂಕಗಳನ್ನು ಹೊರತಂದಿತು. ಶಾಲೆಗಳು ಗೌರವಧನ ಕೊಟ್ಟು ಪ್ರದರ್ಶನದ ಹಕ್ಕು ಪಡೆಯಬಹುದು. ಥಾರ್ ಮತ್ತು ಲೋಕಿ ಸೋದರರ ಜಗಳ ಒಂದರ ವಸ್ತು. ಅಳಿಲಿನ ಶಕ್ತಿಯುಳ್ಳ ಹುಡುಗಿ ಕಾಲೇಜು ಸೇರಿ ತನ್ನ ಗುಟ್ಟು ಕಾಪಾಡಿಕೊಳ್ಳಲು ಪಡುವ ಪಾಡು ಇನ್ನೊಂದರದು.

ಮಾಸಿ ಅಸಾರೆ ಬರೆದ ಮೂರನೆಯ ಏಕಾಂಕದ ನಾಯಕಿ ಮಿಸ್ ಮಾರ್ವೆಲ್, ಅಂದರೆ ಜರ್ಸಿ ಸಿಟಿಯಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಕಮಲಾ ಖಾನ್. ಬೇಕಾದ ರೂಪ ತಾಳುವುದೇ ಅವಳ ಶಕ್ತಿ. 2014ರಲ್ಲಿ ಆರಂಭವಾದ ಅವಳ ಚಿತ್ರಕಥಾ ಮಾಲೆಯಲ್ಲಿ, ಶಕ್ತಿ ಬಂದೊಡನೆ ಅವಳು ತಾಳಿದ್ದು ತಾನು ಆರಾಧಿಸುತ್ತಿದ್ದ ಹೊಂಗೂದಲಿನ ಬಿಳಿಯ ವೀರವನಿತೆಯ ರೂಪವನ್ನು. ತನ್ನದೇ ಮುಖದಲ್ಲಿ ವೀರಳಾಗಬಹುದೆಂದು ಅವಳು ನಿಧಾನವಾಗಿ ಕಲಿಯುತ್ತಾಳೆ. ಏಕಾಂಕದಲ್ಲಿ ಕಮಲಾ ತನ್ನ ವೀರರೂಪ ಜನಪ್ರಿಯವಾಗಲೆಂದು ತನ್ನ ಬಗ್ಗೆ ತಾನೇ ಕಥೆ ಬರೆಯತೊಡಗುತ್ತಾಳೆ. ಹೆಸರಿನ ಹುಚ್ಚು ಹೆಚ್ಚಿದಂತೆ ಓದು ಹಿಂದೆ ಬೀಳುತ್ತದೆ, ಗೆಳೆತನ ಸಡಿಲವಾಗುತ್ತದೆ. 1962ರ ಪೀಟರ್ ಎಡವಿದ ಕಲ್ಲನ್ನೇ ಇವಳೂ ಎಡವುತ್ತಾಳೆ ಎನ್ನಬಹುದು.

ಇಂಥ ಪಾತ್ರವನ್ನು ಅದೇ ವಯಸ್ಸಿನ ಹುಡುಗಿಯೊಬ್ಬಳು ಅಭಿನಯಿಸುವುದರಲ್ಲಿ ಅರ್ಥವಿದೆ. ನಾಲ್ಕು ಜನ ಮೆಚ್ಚಬೇಕು, ಯಾರೂ ನಗಬಾರದು ಎಂಬ ತವಕ ಅವಳಿಗೆ ಹೊಸದಲ್ಲ. ಫ್ಲಾರಿಡಾದ ಹೈಸ್ಕೂಲೊಂದರ ಮಕ್ಕಳು ಈ ನಾಟಕಗಳನ್ನು ಆಡಲು ನಡೆಸಿದ ತಯಾರಿಯನ್ನು ನಟಿ ಆಲಿಸನ್ ಬ್ರಿ ನಿರ್ದೇಶಿಸಿದ 2020ರ ಸಾಕ್ಷ್ಯಚಿತ್ರವೊಂದು ದಾಖಲಿಸಿದೆ.

ಶಾಲೆಯ ರಂಗಕ್ಕೆ ಕೋಟಿಗಟ್ಟಲೆ ಹಣವಿಲ್ಲ, ಹಾರಿಸುವ ಯಂತ್ರವಿಲ್ಲ. ಕೈ ಉದ್ದವಾಯಿತೆಂದು ತೋರಿಸಲು ರಟ್ಟು, ಬಟ್ಟೆ, ಪಕ್ಕದಲ್ಲಿ ನಿಂತ ನಾಲ್ಕು ಗೆಳೆಯರು ಸಾಕು. ಅತಿಮಾನುಷ ಶಕ್ತಿಯೆಂಬುದು ಇಲ್ಲಿ ಹಲವು ಕೈಗಳು ಸೇರಿ ಮಾಡುವ ಕೆಲಸ. ದೀಪ ಹಿಡಿದವನು ತಪ್ಪಿದರೆ ವೀರನೂ ಕತ್ತಲಲ್ಲೇ. ಸಂಭಾಷಣೆ ಮರೆತರೆ ಪಕ್ಕದವಳು ಎತ್ತಿಕೊಡುತ್ತಾಳೆ.

ಚಿತ್ರಕಥೆಯ ವೀರ ತನ್ನ ಭಾರವನ್ನು ಒಬ್ಬನೇ ಹೊರಬೇಕು, ಮುಖವಾಡ ಕಳಚಿದರೆ ಅವನಿಗೆ ಅಪಾಯ. ಶಾಲೆಯ ನಾಟಕದಲ್ಲಿ ಮಾತ್ರ ಕೊನೆಗೆ ಎಲ್ಲರೂ ಸಾಲಾಗಿ ನಿಂತು, ವೇಷದಲ್ಲಿದ್ದುಕೊಂಡೇ ತಮ್ಮ ಸ್ವಂತ ಹೆಸರು ಹೇಳಿ ಕೈಮುಗಿಯಬಹುದು. ಪೀಟರ್ ಪಾರ್ಕರನಿಗೆ ಎಂದೂ ಸಿಗದ ಬಿಡುಗಡೆ ಅದು.